ನಿಲ್ಲುವ ವಿದ್ಯೆ

ವೇಗವನ್ನು ಹೊಗಳಿದಷ್ಟು ನಿಲುಗಡೆಯನ್ನು ನಮ್ಮ ಕವಿಗಳು ಹೊಗಳಿದಂತೆ ಕಾಣುವುದಿಲ್ಲ. ನಳೋಪಾಖ್ಯಾನದಲ್ಲಿ ಋತುಪರ್ಣ ಮಹಾರಾಜನ ಉತ್ತರೀಯ ಗಾಳಿಗೆ ಹಾರಿ ಬೀಳುತ್ತದೆ. ರಥ ನಿಲ್ಲಿಸು, ತರಿಸಿಕೊಳ್ಳೋಣ ಎಂದು ಅರಸು ಹೇಳುವಷ್ಟರಲ್ಲಿ ಅದು ಒಂದು ಯೋಜನದಷ್ಟು ಹಿಂದೆ ಉಳಿದುಹೋಯಿತೆಂದು ಬಾಹುಕನ ವೇಷದಲ್ಲಿದ್ದ ನಳ ಉತ್ತರ ಕೊಡುತ್ತಾನೆ. ಕೇಳಿದವರು ತಲೆದೂಗುತ್ತಾರೆ. ಆದರೆ ಅದೇ ರಥ ಮುಂದೆ ಒಂದು ತಾರೆಯ ಮರದ ಬಳಿ ನಿಂತಿತು. ನಳ ಇಳಿದು ಎಲೆಕಾಯಿಗಳನ್ನು ಎಣಿಸಿದ. ಅಷ್ಟು ವೇಗದ ರಥ ಸರಿಯಾಗಿ ಆ ಮರದ ಬಳಿಯೇ ಹೇಗೆ ನಿಂತಿತು, ಲಗಾಮನ್ನು ಎಷ್ಟು ದೂರದಿಂದ ಬಿಗಿಯಬೇಕಾಯಿತು ಎಂದು ಯಾವ ಶ್ರೋತೃವೂ ಕೇಳಿದ್ದಿಲ್ಲ. ಆ ಪ್ರಶ್ನೆ ಕೇಳಬಲ್ಲವನು ಇಳಿಜಾರಿನಲ್ಲಿ ಹೇರುಗಾಡಿ ಹೊಡೆದವನೊಬ್ಬನೇ. ಹಗ್ಗ ಜಗ್ಗಿ ಮರದ ತುಂಡನ್ನು ಚಕ್ರಕ್ಕೆ ಒತ್ತಿ ಹಿಡಿದಾಗ ಏಳುವ ಸುಟ್ಟ ವಾಸನೆ ಅವನಿಗೆ ಗೊತ್ತು.

ಮೋಟಾರು ಕಾರುಗಳ ಚರಿತ್ರೆಯಲ್ಲಿಯೂ ಈ ಪಕ್ಷಪಾತ ಉಂಟು. ಲ್ಯಾಂಚೆಸ್ಟರ್ ಎಂಬ ಆಂಗ್ಲ ಎಂಜಿನಿಯರು ಚಕ್ರದೊಡನೆ ತಿರುಗುವ ಲೋಹದ ಬಿಲ್ಲೆಯನ್ನು ಎರಡು ಕಡೆಯಿಂದ ಹಿಸುಕಿ ನಿಲ್ಲಿಸುವ ಉಪಾಯಕ್ಕೆ 1902ರಲ್ಲಿಯೇ ಪೇಟೆಂಟು ಪಡೆದಿದ್ದ. ಆದರೂ ಮುಂದಿನ ಅರ್ಧ ಶತಮಾನ ಜಗತ್ತಿನ ಕಾರುಗಳೆಲ್ಲ ಹೆಚ್ಚುಕಡಮೆ ಡ್ರಮ್ಮನ್ನೇ ನೆಚ್ಚಿದ್ದವು. ಡ್ರಮ್ಮು ಕಾದರೆ ಹಿಗ್ಗಿ ಒಳಗಿನ ಲೈನರಿನಿಂದ ದೂರ ಸರಿಯುತ್ತದೆ. ಎಂದರೆ, ಯಾವಾಗ ಹೆಚ್ಚು ಬೇಕೋ ಆಗಲೇ ಕೈಕೊಡುತ್ತದೆ. 1953ರಲ್ಲಿ ಫ್ರಾನ್ಸಿನ ಲ ಮಾನ್ ಪಟ್ಟಣದ ಇಪ್ಪತ್ತನಾಲ್ಕು ಗಂಟೆಗಳ ಓಟದಲ್ಲಿ ಡನ್‌ಲಪ್ ಡಿಸ್ಕ್ ಬ್ರೇಕು ತೊಟ್ಟ ಜಾಗ್ವಾರ್ ಸಿ-ಟೈಪ್ ಕಾರು ಗೆದ್ದಿತು. ಅದನ್ನು ಓಡಿಸಿದವರು ಟೋನಿ ರೋಲ್ಟ್ ಮತ್ತು ಡಂಕನ್ ಹ್ಯಾಮಿಲ್ಟನ್. ಒಂದು ಹಗಲು ಒಂದು ರಾತ್ರಿಯ ಸರಾಸರಿ ವೇಗ ಗಂಟೆಗೆ ನೂರು ಮೈಲಿಯನ್ನು ಮೀರಿದ್ದು ಆ ಓಟದಲ್ಲಿ ಅದೇ ಮೊದಲು. ಇತರರಿಗಿಂತ ತಡವಾಗಿ ಬ್ರೇಕು ಒತ್ತಿದರೂ ಇವರಿಗೆ ನಡೆಯುತ್ತಿತ್ತು. ಇಂದು ಅದೇ ಬಿಲ್ಲೆ ನಮ್ಮ ಬೀದಿಯ ಪ್ರತಿಯೊಂದು ಕಾರಿನ ಮುಂದಿನ ಚಕ್ರದೊಳಗೂ ಮಿನುಗುತ್ತಿದೆ. ಅದನ್ನು ಬಗ್ಗಿ ನೋಡಿದವರು ಎಷ್ಟು ಮಂದಿಯೋ.

ಬೆಂಗಳೂರಿನ ಜಯನಗರದ ಗೃಹಸ್ಥರೊಬ್ಬರಿಗೆ ಬಗ್ಗಿ ನೋಡುವ ಪ್ರಸಂಗ ಬಂದಿತು. ವಯಸ್ಸು ನಲವತ್ತೆರಡು, ಕಂಪನಿಯ ನೌಕರಿ, ಮನೆಯಲ್ಲಿ ತಾಯಿ, ಹೆಂಡತಿ, ಒಂಬತ್ತನೆಯ ತರಗತಿಯ ಮಗಳು, ಬಾಗಿಲಲ್ಲಿ ಐದು ಜನ ಕೂಡುವ ಸಣ್ಣ ಕಾರು. ದುಶ್ಚಟಗಳೇನೂ ಇಲ್ಲ. ಇದ್ದದ್ದು ಒಂದೇ ಒಂದು ಹುಚ್ಚು: ವರ್ಷಕ್ಕೆ ಎರಡು ಮೂರು ಭಾನುವಾರ ಆ ಕಾರನ್ನು ಓಟದ ಹಾದಿಗೆ ಒಯ್ಯುವುದು.

ಬೆಂಗಳೂರಿನವರ ಪಾಲಿಗೆ ಓಟದ ಹಾದಿಯೆಂದರೆ ಬಹುಮಟ್ಟಿಗೆ ಚೆನ್ನೈ ದಿಕ್ಕೇ. ಹಿಂದೆ ಆ ನಗರದ ಉತ್ತರಕ್ಕೆ ಶೋಳಾವರಂನಲ್ಲಿ ಯುದ್ಧಕಾಲದ ವಿಮಾನದ ಹಾದಿಯೊಂದರ ಮೇಲೆ ಪಂದ್ಯಗಳು ನಡೆಯುತ್ತಿದ್ದವು. ಆಮೇಲೆ ಶ್ರೀಪೆರುಂಬುದೂರಿನ ಆಚೆ ಇರುಂಗಾಟ್ಟುಕೋಟೈಯಲ್ಲಿ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರು ಇದಕ್ಕೆಂದೇ ಕಟ್ಟಿದ ಹಾದಿ 1990ರಲ್ಲಿ ತೆರೆಯಿತು. ಸುತ್ತು ಸುಮಾರು 3.7 ಕಿಲೋಮೀಟರು, ತಿರುವು ಹನ್ನೆರಡು. ಪಂದ್ಯವಿಲ್ಲದ ಕೆಲವು ದಿನಗಳಲ್ಲಿ ಸಾಮಾನ್ಯರೂ ಶುಲ್ಕ ತೆತ್ತು, ಶಿರಸ್ತ್ರಾಣ ಧರಿಸಿ, ಹದಿನೈದಿಪ್ಪತ್ತು ನಿಮಿಷಗಳ ಸರದಿಯಲ್ಲಿ ತಂತಮ್ಮ ಕಾರನ್ನು ಓಡಿಸಬಹುದು. ಬಹುಮಾನವಿಲ್ಲ, ಪದಕವಿಲ್ಲ. ಎದುರಿನಿಂದ ಲಾರಿ ಬರುವುದಿಲ್ಲ, ಎಮ್ಮೆ ಅಡ್ಡ ನಿಲ್ಲುವುದಿಲ್ಲ. ಕೊಟ್ಟ ಹಣ ಆ ಸುಖಕ್ಕೆ. ಹೊಸೂರು ರಸ್ತೆಯಲ್ಲಿ ನಿತ್ಯವೂ ಎರಡು ಗಂಟೆ ತೆವಳುವವನಿಗೆ ಅದೊಂದು ತೀರ್ಥಯಾತ್ರೆಯಂತೆ ತೋರಿದರೆ ಆಶ್ಚರ್ಯವೇನು? ಅಂದ ಹಾಗೆ ಶ್ರೀಪೆರುಂಬುದೂರು ರಾಮಾನುಜಾಚಾರ್ಯರು ಹುಟ್ಟಿದ ಊರು. ನಿಜವಾದ ಯಾತ್ರಿಕರೂ ಅದೇ ಹೆದ್ದಾರಿಯಲ್ಲಿಯೇ ಹೋಗಬೇಕು.

ಗೃಹಸ್ಥರ ಮೊದಲ ಭೇಟಿಯಲ್ಲಿ ನಾಲ್ಕು ಸುತ್ತುಗಳು ಹಬ್ಬದಂತೆ ಕಳೆದವು. ಐದನೆಯ ಸುತ್ತಿನಲ್ಲಿ, ನೇರ ಹಾದಿ ಮುಗಿದು ತಿರುವು ಎದುರಾಗುವಲ್ಲಿ, ಒತ್ತಿದ ಪೆಡಲು ಎಂದಿನ ಎತ್ತರದಲ್ಲಿ ನಿಲ್ಲದೆ ಹತ್ತಿಯ ಮೂಟೆಯ ಮೇಲೆ ಕಾಲಿಟ್ಟಂತೆ ಕೆಳಕ್ಕೆ ಇಳಿಯಿತು. ಎರಡನೆಯ ಸಲ ಒತ್ತಿದಾಗ ಅರ್ಧ ಹಿಡಿಯಿತು. ಕಾರು ತಿರುವನ್ನು ಬಿಟ್ಟು ಹೊರಗಿನ ಮಣ್ಣಿಗೆ ಇಳಿದು, ಧೂಳೆಬ್ಬಿಸಿ, ಯಾರಿಗೂ ಏನೂ ಆಗದಂತೆ ನಿಂತಿತು. ಬಯಲಲ್ಲಿ ಮಣ್ಣಿಗೆ ಜಾಗ ಬಿಟ್ಟಿರುತ್ತಾರೆ. ಜಯನಗರದ ನಾಲ್ಕನೆಯ ಬ್ಲಾಕಿನಲ್ಲಿ ಬಿಟ್ಟಿರುವುದಿಲ್ಲ. ಹಿಂದಿರುಗುವ ಮುನ್ನೂರು ಕಿಲೋಮೀಟರು ಅವರು ಬಲಗಾಲಿನ ಬೆರಳುಗಳನ್ನು ಸಡಿಲಿಸಲಿಲ್ಲ.

ಆ ಸುತ್ತಿನಲ್ಲಿ ಆದದ್ದೇನೆಂಬುದನ್ನು ಹೈಸ್ಕೂಲಿನ ಭೌತಶಾಸ್ತ್ರವೇ ಹೇಳುತ್ತದೆ. ಓಡುವ ಕಾರಿನ ಚಲನಶಕ್ತಿ ಎಲ್ಲಿಯೂ ಮಾಯವಾಗುವುದಿಲ್ಲ. ಬ್ರೇಕು ಅದನ್ನು ಶಾಖವನ್ನಾಗಿ ಮಾಡುತ್ತದೆ, ಅಷ್ಟೆ. ವೇಗ ಎರಡರಷ್ಟಾದರೆ ಶಕ್ತಿ ನಾಲ್ಕರಷ್ಟು. ಚಾಲಕನೂ ಸೇರಿ 1200 ಕಿಲೋ ತೂಗುವ ಕಾರು ಊರೊಳಗೆ ಗಂಟೆಗೆ 40 ಕಿಲೋಮೀಟರಿನಿಂದ ಪೂರಾ ನಿಂತಾಗ ಹುಟ್ಟುವ ಶಾಖ ಸುಮಾರು 74 ಕಿಲೋಜೂಲು. ಅದೇ ಕಾರು ಬಯಲಿನಲ್ಲಿ 144ರಿಂದ 72ಕ್ಕೆ ಇಳಿದಾಗ, ನಿಂತಾಗಲ್ಲ, ಬರಿದೆ ಇಳಿದಾಗ, 720. ಎರಡು ಲೀಟರಿಗೂ ಮಿಕ್ಕ ತಣ್ಣೀರನ್ನು ಕುದಿಸಲು ಅದು ಸಾಕು. ನಮ್ಮ ಒಲೆಗೆ ಆ ಕೆಲಸಕ್ಕೆ ಹತ್ತು ನಿಮಿಷವಾದರೂ ಬೇಕು. ಬ್ರೇಕಿಗೆ ದೊರೆಯುವುದು ಎರಡು, ಎರಡೂವರೆ ಸೆಕೆಂಡು. ಅದರಲ್ಲಿ ಸಿಂಹಪಾಲು ಮುಂದಿನ ಎರಡು ಬಿಲ್ಲೆಗಳ ಪಾಲಿಗೆ ಬರುತ್ತದೆ. ಬಿಲ್ಲೆ ಐದೈದು ಕಿಲೋ ತೂಗುವುದೆಂದಿಟ್ಟುಕೊಂಡರೆ, ಒಂದು ಸಲ ಒತ್ತಿದರೆ ನೂರು ಡಿಗ್ರಿಯಷ್ಟು ಕಾವು ಏರಿತು. ಅದು ಆರುವ ಮುನ್ನ ಮುಂದಿನ ತಿರುವು. ಎರಡು ನಿಮಿಷ ಚಿಲ್ಲರೆಯ ಒಂದು ಸುತ್ತಿನಲ್ಲಿ ಇಂಥವು ಹಲವು. ನಾಲ್ಕು ಸುತ್ತು ತಡೆದದ್ದೇ ದೊಡ್ಡದು.

ಗೃಹಸ್ಥರು ಮಾತ್ರ ಊರಿಗೆ ಮರಳಿದ ರಾತ್ರಿಯೇ ದೊಡ್ಡ ಬ್ರೇಕುಗಳ ಚಿತ್ರ ನೋಡಲು ತೊಡಗಿದರು. ಕೆಂಪು ಬಣ್ಣದ ಕ್ಯಾಲಿಪರು, ತಟ್ಟೆಯಗಲದ ಬಿಲ್ಲೆ, ಅದರ ತುಂಬ ಜಾಲರಿಯಂತೆ ತೂತುಗಳು. ಬೆಲೆ ಲಕ್ಷ ದಾಟುವಂಥದು. ಮರುದಿನ ಗ್ಯಾರೇಜಿನ ಮೇಸ್ತ್ರಿಯ ಮುಂದೆ ಚಿತ್ರ ಹಿಡಿದರು. ಇಪ್ಪತ್ತೈದು ವರ್ಷ ಸ್ಪ್ಯಾನರು ಹಿಡಿದ ಆ ಮನುಷ್ಯ ಚಿತ್ರದ ಕಡೆ ನೋಡಲೇ ಇಲ್ಲ.

"ಪೆಡಲ್ ಕೆಳಕ್ಕೆ ಹೋಯ್ತಾ ಸಾರ್, ಇಲ್ಲಾ ಗಟ್ಟಿಯಾಗೇ ಇದ್ದು ಗಾಡಿ ನಿಲ್ಲಲಿಲ್ವಾ?"

"ಕೆಳಕ್ಕೆ ಹೋಯ್ತು."

"ಹಾಗಾದ್ರೆ ಆಯಿಲ್ ಕುದ್ದಿದೆ. ಆಯಿಲ್ ಯಾವಾಗ ಬದಲಾಯಿಸಿದ್ರಿ?"

ಗೃಹಸ್ಥರಿಗೆ ನೆನಪಾಗಲಿಲ್ಲ. ಎಂಜಿನ್ ಆಯಿಲಿನ ದಿನಾಂಕವನ್ನು ಜಾತಕದಂತೆ ಕಾಪಾಡುವ ಮನೆಗಳಲ್ಲಿಯೂ ಬ್ರೇಕ್ ಆಯಿಲಿನ ದಿನಾಂಕ ಯಾರಿಗೂ ಗೊತ್ತಿರುವುದಿಲ್ಲ.

ಮೇಸ್ತ್ರಿಯ ಆ ಒಂದು ಪ್ರಶ್ನೆಯ ಬೆಲೆ ಲಕ್ಷಕ್ಕಿಂತ ಕಡಮೆಯದಲ್ಲ. ಕಾವಿಗೆ ಬ್ರೇಕು ಸೋಲುವುದು ಎರಡು ಬಗೆಯಲ್ಲಿ. ಮೊದಲನೆಯದು ಪ್ಯಾಡಿನ ಸೋಲು: ಪ್ಯಾಡನ್ನು ಹಿಡಿದಿಟ್ಟ ಅಂಟು ತನ್ನ ಮಿತಿ ಮೀರಿ ಕಾದಾಗ ಅನಿಲ ಬಿಡುತ್ತದೆ, ಹಿಡಿತ ತಪ್ಪುತ್ತದೆ, ಕಾಲಿಗೆ ಪೆಡಲು ಕಲ್ಲಿನಂತಿರುತ್ತದೆ, ಕಾರು ಮಾತ್ರ ನಿಲ್ಲುವುದಿಲ್ಲ. ಎರಡನೆಯದು ಆಯಿಲಿನ ಸೋಲು. ಎಣ್ಣೆಯೆಂದು ಕರೆದರೂ ಅದು ಎಣ್ಣೆಯಲ್ಲ. ಅದಕ್ಕೆ ನೀರಿನ ಮೇಲೆ ತೀರದ ಮೋಹ. ರಬ್ಬರಿನ ಪೈಪಿನ ಮೂಲಕ, ಮುಚ್ಚಳದ ಸಂದಿಯ ಮೂಲಕ ಗಾಳಿಯ ತೇವವನ್ನು ಹೀರುತ್ತಲೇ ಇರುತ್ತದೆ. ಡಾಟ್ 3 ಎಂಬ ದರ್ಜೆಯದು ಹೊಸದಾಗಿದ್ದಾಗ 205 ಡಿಗ್ರಿಯವರೆಗೆ ಕುದಿಯಬಾರದು. ನೂರಕ್ಕೆ ಮೂರೂ ಮುಕ್ಕಾಲು ಭಾಗದಷ್ಟು ನೀರು ಸೇರಿದರೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4 ಹೊಸದರಲ್ಲಿ 230, ತೇವ ಹೀರಿದ ಮೇಲೆ 155. ಡಾಟ್ 5.1 ಕ್ರಮವಾಗಿ 260, 180. ಇವು ಮಾನಕ ಬೇಡುವ ಕನಿಷ್ಠ ಅಂಕಿಗಳು. ಓಟಕ್ಕೆಂದೇ ಮಾಡಿದವು ಇನ್ನೂ ಮೇಲೆ ನಿಲ್ಲುತ್ತವೆ. ಬರಿಯ 5 ಎಂಬ ಸಂಖ್ಯೆಯದು ಸಿಲಿಕೋನಿನ ಬೇರೆಯೇ ಜಾತಿ, ಇವುಗಳೊಡನೆ ಬೆರೆಸಕೂಡದು. ಒಂದು ಚುಕ್ಕೆಯ ಅಂತರದಲ್ಲಿ ಇಷ್ಟು ದೊಡ್ಡ ವ್ಯತ್ಯಾಸವನ್ನು ಅಡಗಿಸಿಟ್ಟವರ ಜಾಣತನಕ್ಕೆ ಏನೆನ್ನಬೇಕೋ ತಿಳಿಯದು! ಪೈಪಿನೊಳಗಿನ ದ್ರವ ಕುದಿದರೆ ಆವಿಯ ಗುಳ್ಳೆ ಹುಟ್ಟುತ್ತದೆ. ದ್ರವವನ್ನು ಅಮುಕಲಾಗದು, ಆವಿಯನ್ನು ಅಮುಕಬಹುದು. ಕಾಲಿನ ಬಲವೆಲ್ಲ ಗುಳ್ಳೆಯನ್ನು ಹಿಸುಕುವುದರಲ್ಲೇ ಮುಗಿದು ಚಕ್ರದವರೆಗೆ ತಲುಪುವುದೇ ಇಲ್ಲ.

ಡಬ್ಬಿಯಿಂದ ಹೊರತೆಗೆದ ಹಳೆಯ ಆಯಿಲು ಕಷಾಯದ ಬಣ್ಣಕ್ಕೆ ತಿರುಗಿತ್ತು. ಹೊಸದು ತಿಳಿ ಹರಳೆಣ್ಣೆಯಂತೆ. ಪೈಪುಗಳಿಂದ ಹಳೆಯದನ್ನೂ ಗಾಳಿಯನ್ನೂ ಹೊರಡಿಸುವ ಕೆಲಸಕ್ಕೆ ಇಬ್ಬರು ಬೇಕು. ಗ್ಯಾರೇಜಿನ ಹುಡುಗ ಅಂದು ರಜೆ. ಟ್ಯೂಷನ್ನಿಗೆ ಹೋಗುವ ದಾರಿಯಲ್ಲಿ ಅಪ್ಪನ ಜೊತೆ ಬಂದಿದ್ದ ಮಗಳನ್ನು ಮೇಸ್ತ್ರಿ ಚಾಲಕನ ಆಸನದಲ್ಲಿ ಕೂರಿಸಿದ. "ಒತ್ತು ಅಂದ್ರೆ ಒತ್ತಬೇಕು, ಹಿಡಿ ಅಂದ್ರೆ ಹಿಡಿದೇ ಇರಬೇಕು. ನಾನು ಬಿಡು ಅನ್ನೋವರೆಗೂ ಬಿಡಬಾರದಮ್ಮ. ಬಿಟ್ರೆ ಗಾಳಿ ಒಳಗೆ ಹೋಗುತ್ತೆ." ಆತ ಚಕ್ರದ ಬಳಿ ಮಲಗಿ ನಟ್ಟು ಸಡಿಲಿಸಿದ. ಒತ್ತು, ಹಿಡಿ, ಬಿಡು. ಒತ್ತು, ಹಿಡಿ, ಬಿಡು. ನಾಲ್ಕು ಚಕ್ರಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಕೊನೆಗೆ ಪೆಡಲು ಮೊದಲಿಗಿಂತ ಎತ್ತರದಲ್ಲಿ ಗಟ್ಟಿಯಾಗಿ ನಿಂತಾಗ ಹುಡುಗಿ, "ಅಪ್ಪಾ, ಇಷ್ಟು ದಿನ ಇದು ಹೀಗಿರಲಿಲ್ಲವಾ?" ಎಂದು ಕೇಳಿದಳು. ಅವಳನ್ನು ಇಷ್ಟು ದಿನ ಶಾಲೆಗೆ ಕರೆದೊಯ್ದದ್ದು ಆ ಕಷಾಯದ ಬಲದ ಮೇಲೆಯೇ. ಗೃಹಸ್ಥರು ಉತ್ತರ ಕೊಡಲಿಲ್ಲ. ದುಡ್ಡು ಕೊಡಲು ಪರ್ಸು ಹುಡುಕಿದರು.

ತೊಡಕಿನ ಪ್ರಶ್ನೆ ಪ್ಯಾಡಿನದು. ಆಯಿಲನ್ನು ಮೇಲ್ತರಗತಿಗೆ ಬದಲಾಯಿಸಿದರೆ ಬೀದಿಗೂ ಬಯಲಿಗೂ ಲಾಭವೇ ಹೊರತು ನಷ್ಟವಿಲ್ಲ. ಹೆಚ್ಚೆಂದರೆ ಇನ್ನಷ್ಟು ಬೇಗ ಬದಲಾಯಿಸುತ್ತಿರಬೇಕು. ಪ್ಯಾಡು ಹಾಗಲ್ಲ. ಅದಕ್ಕೆ ತನ್ನದೇ ಆದ ಹವೆ ಉಂಟು. ಬೀದಿಯ ಪ್ಯಾಡು ತಣ್ಣಗಿದ್ದಾಗಲೇ ಕಚ್ಚುತ್ತದೆ, ತೀರ ಕಾದರೆ ಕೈಬಿಡುತ್ತದೆ. ಓಟದ ಪ್ಯಾಡು ಬಿಲ್ಲೆ ನಿಗಿನಿಗಿ ಎನ್ನುವಾಗ ಕಚ್ಚಿ ಹಿಡಿಯುತ್ತದೆ. ತಣ್ಣಗಿದ್ದಾಗ ಹಲಗೆ ಒತ್ತಿದಂತೆ. ಚಾವಣಿಯೆತ್ತರಕ್ಕೆ ಕಿರುಚುತ್ತದೆ, ಚಕ್ರದ ತುಂಬ ಕಪ್ಪು ಹುಡಿ ಉದುರಿಸುತ್ತದೆ, ಬಿಲ್ಲೆಯನ್ನೂ ಬೇಗ ಸವೆಸುತ್ತದೆ. ಗೆಳೆಯರ ಗುಂಪಿನಲ್ಲಿ ಇದಕ್ಕೇ ಹೆಚ್ಚು ಮಾನ. ಗೃಹಸ್ಥರೂ ಒಂದು ಜೊತೆ ತಂದು ಊಟದ ಮೇಜಿನ ಮೇಲಿಟ್ಟರು.

ಹೆಂಡತಿ ಡಬ್ಬಿಯ ಮೇಲಿನ ಬರಹವನ್ನು ನಿಧಾನವಾಗಿ ಓದಿದರು. "ಬಿಸಿಯಾದ ಮೇಲೆ ಚೆನ್ನಾಗಿ ಹಿಡಿಯುತ್ತೆ ಅಂತ ಬರೆದಿದೆ. ಬಿಸಿಯಾಗೋಕೆ ಮೊದಲು?"

"ಸ್ವಲ್ಪ ಕಡಮೆ. ಎರಡು ಮೂರು ಸಲ ಜೋರಾಗಿ ಒತ್ತಿದರೆ ಸರಿಹೋಗುತ್ತೆ."

"ಮನೆಯಿಂದ ಸ್ಕೂಲಿಗೆ ಎಷ್ಟು ದೂರ?"

ಎರಡು ಕಿಲೋಮೀಟರು. ಮಳೆಗಾಲದ ಬೆಳಿಗ್ಗೆ ಏಳೂವರೆ, ಗೇಟಿನ ಮುಂದೆ ಛತ್ರಿಯಡಿಯಲ್ಲಿ ನುಗ್ಗುವ ಮಕ್ಕಳು. ಆ ಎರಡು ಕಿಲೋಮೀಟರಿನಲ್ಲಿ ಆ ಪ್ಯಾಡು ಎಂದೂ ಬಿಸಿಯಾಗುವುದಿಲ್ಲ. ಇನ್ನೊಂದು ಮಾತನ್ನೂ ಆಕೆ ಸೇರಿಸಿದರು. ಅತ್ತೆಯವರನ್ನು ರಾತ್ರಿ ಆಸ್ಪತ್ರೆಗೆ ಕರೆದೊಯ್ಯುವ ಸಂದರ್ಭ ಬಂದರೆ ಗಾಡಿ ಓಡಿಸುವವರು ತಾವು; ಆಗ ಆ ಕಾಲಿಗೆ ಈ ವಿಚಿತ್ರವೆಲ್ಲ ಗೊತ್ತಿರಬೇಕೆ? ಗೃಹಸ್ಥರ ಬಳಿ ಉತ್ತರವಿರಲಿಲ್ಲ. ಇದ್ದಿದ್ದರೆ ಅದು ಉತ್ತರಕುಮಾರನ ಬಾಯಿಗೆ ಒಪ್ಪುವಂಥದೇ ಆಗಿರುತ್ತಿತ್ತು. ಅಂತಃಪುರದಲ್ಲಿ ಆಡುವ ಮಾತೇ ಬೇರೆ, ರಣರಂಗದಲ್ಲಿ ಸಾರಥಿಯ ಪಕ್ಕದಲ್ಲಿ ಕೂತಾಗಿನ ಸ್ಥಿತಿಯೇ ಬೇರೆ.

ಈ ತೊಡಕಿಗೆ ಬಲ್ಲವರು ಎರಡು ದಾರಿ ಹೇಳುತ್ತಾರೆ. ಬಯಲಿಗೆ ಹೋದಾಗ ಅಲ್ಲಿಯೇ ಓಟದ ಪ್ಯಾಡು ಹಾಕಿ, ಹೊರಡುವ ಮುನ್ನ ಬೀದಿಯ ಪ್ಯಾಡು ಮರಳಿ ಹಾಕುವುದು ಒಂದು. ಕೈ ಪಳಗಿದವನಿಗೆ ಗಂಟೆಯ ಕೆಲಸ. ಆದರೆ ಪ್ಯಾಡು ಪ್ರತಿಯೊಂದೂ ತನ್ನ ತೆಳುವಾದ ಲೇಪವನ್ನು ಬಿಲ್ಲೆಗೆ ಹಚ್ಚಿ ಅದರ ಮೇಲೆಯೇ ಹಿಡಿಯುವಂಥದು. ಜಾತಿ ಬೇರೆಯಾದರೆ ಒಂದರ ಲೇಪ ಇನ್ನೊಂದಕ್ಕೆ ಒಗ್ಗದೆ ಕಂಪನ ಶುರುವಾಗಬಹುದು. ಎರಡನೆಯದು, ತಣ್ಣಗೂ ಕಚ್ಚುವ, ಬೀದಿಯದಕ್ಕಿಂತ ಹೆಚ್ಚು ಕಾವನ್ನೂ ತಡೆಯುವ ನಡುವಿನ ಪ್ಯಾಡು. ಅದು ಎರಡರಲ್ಲಿಯೂ ಮೊದಲ ದರ್ಜೆಯಲ್ಲಿ ತೇರ್ಗಡೆಯಾಗುವುದಿಲ್ಲ. ವರ್ಷಕ್ಕೆ ಮೂರು ದಿನ ಬಯಲು, ಮುನ್ನೂರು ದಿನ ಬೀದಿ ಎಂಬ ಸಂಸಾರಿಗೆ ಇದೇ ಸರಿ. ಗೃಹಸ್ಥರು ಇದನ್ನೇ ಹಾಕಿಸಿದರು. ಓಟದ ಜೊತೆ ಇನ್ನೂ ಅಟ್ಟದ ಮೇಲಿದೆ.

ಕೆಂಪು ಕ್ಯಾಲಿಪರಿನ ಆಸೆ ಇಷ್ಟಕ್ಕೇ ಸಾಯಲಿಲ್ಲವೆಂಬುದೇನೋ ನಿಜ. ದೊಡ್ಡ ಬಿಲ್ಲೆ ಹೆಚ್ಚು ಕಾವನ್ನು ನುಂಗುತ್ತದೆ, ಬೇಗ ಆರುತ್ತದೆ, ಸುಳ್ಳಲ್ಲ. ಆದರೆ ಒಂದು ಸಲದ ನಿಲುಗಡೆಯ ದೂರವನ್ನು ಅದು ಕಡಮೆ ಮಾಡಲಾರದು. ಜೋರಾಗಿ ಒತ್ತಿದಾಗ ಪೆಡಲು ಕಾಲಿನಡಿ ಮಿಡಿಯುತ್ತದಲ್ಲ, ಚಕ್ರ ಜಾರದಂತೆ ಕಾಯುವ ಎಬಿಎಸ್ ವ್ಯವಸ್ಥೆಯ ಮಿಡಿತ ಅದು. ಟೈರು ಹಿಡಿಯಬಲ್ಲದ್ದಕ್ಕಿಂತ ಹೆಚ್ಚಿನ ಬಲ ಬ್ರೇಕಿನಲ್ಲಿ ಆಗಲೇ ಇದೆಯೆಂಬುದಕ್ಕೆ ಸಾಕ್ಷಿ. ನೆಲಕ್ಕೆ ತಾಗುವುದು ಟೈರು, ಕ್ಯಾಲಿಪರಲ್ಲ. ಮೇಲಾಗಿ ದೊಡ್ಡ ಬಿಲ್ಲೆಗೆ ದೊಡ್ಡ ಚಕ್ರ ಬೇಕು, ಮುಂದನ್ನು ಮಾತ್ರ ಬಲಪಡಿಸಿದರೆ ಹಿಂದುಮುಂದಿನ ಸಮತೋಲ ಕೆಡುತ್ತದೆ, ತೂತು ಕೊರೆದ ಬಿಲ್ಲೆ ಕಾವಿನಲ್ಲಿ ತೂತಿನಿಂದ ತೂತಿಗೆ ಬಿರಿಯುವುದುಂಟು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮೂ ತಯಾರಕರು ನಿಗದಿಮಾಡಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದರ ಬಗೆಗೆ ಕಣ್ಣು ಬಿಟ್ಟು ನೋಡುತ್ತದೆ. ವಿಮೆಯ ಪತ್ರವನ್ನು ಯಾರೂ ಪೂರ್ತಿ ಓದುವುದಿಲ್ಲ; ಓದಿದರೆ, ಸಂಘಟಿತ ಪಂದ್ಯ, ವೇಗಪರೀಕ್ಷೆ ಇವಕ್ಕೆ ರಕ್ಷಣೆಯಿಲ್ಲವೆಂಬ ಸಾಲು ಅಲ್ಲಿಯೇ ಇದೆ. ಬಯಲಿನಲ್ಲಿ ಮುರಿದ ಬಂಪರಿಗೆ ಸ್ವಂತ ಜೇಬೇ ಗತಿ.

ಎರಡನೆಯ ಭೇಟಿಗೆ ಮನೆಮಂದಿಯೆಲ್ಲ ಹೊರಟರು. ತಾಯಿಯವರಿಗೆ ಮೇಲುಕೋಟೆಯನ್ನು ನೋಡಿದ ಮೇಲೆ ಆಚಾರ್ಯರು ಹುಟ್ಟಿದ ಊರನ್ನೂ ನೋಡುವ ಬಯಕೆ ಬಹುದಿನದ್ದು. ಸೊಸೆ ಮೊಮ್ಮಗಳೊಡನೆ ಅವರು ಆದಿಕೇಶವ ಪೆರುಮಾಳ್ ಗುಡಿಯ ಬಳಿ ಇಳಿದುಕೊಂಡರು. ಮಗ ಖಾಲಿ ಕಾರಿನಲ್ಲಿ ಮುಂದೆ ಹೋದರು.

ಈ ಸಲ ಅವರು ಐದು ಸುತ್ತು ಓಡಿಸಿ, ಆರನೆಯದನ್ನು ಬ್ರೇಕು ಮುಟ್ಟದಷ್ಟು ನಿಧಾನವಾಗಿ, ಬಿಲ್ಲೆಗೆ ಗಾಳಿಯಾಡಲೆಂದೇ ಸುತ್ತಿದರು. ಇದು ಕಾಸಿನ ಖರ್ಚಿಲ್ಲದ ಸುಧಾರಣೆ. ಹೊಸಬರು ಕಡೆಗಣಿಸುವುದೂ ಇದನ್ನೇ. ಕಾದ ಕಾರನ್ನು ತಟ್ಟನೆ ನಿಲ್ಲಿಸಿದರೆ ಗಾಳಿಯಿಲ್ಲದೆ ಬಿಲ್ಲೆಯ ಕಾವು ಪ್ಯಾಡಿನ ಮೂಲಕ ಆಯಿಲಿಗೆ ಹರಿದು, ಓಡುವಾಗ ಕುದಿಯದ್ದು ನಿಂತಮೇಲೆ ಕುದಿಯಬಹುದು. ನಿಂತಾದ ಮೇಲೆ ಕೈಬ್ರೇಕು ಎಳೆಯಲಿಲ್ಲ. ಕಾದದ್ದನ್ನು ಬಿಗಿದಿಡುವುದು ಒಳ್ಳೆಯದಲ್ಲ. ಗೇರಿನಲ್ಲಿಟ್ಟು ಚಕ್ರಕ್ಕೆ ಒಂದು ಕಲ್ಲು ಕೊಟ್ಟರು. ಪಕ್ಕದ ಹೊಳೆಯುವ ಕಾರಿನ ತರುಣ ಆ ಕಲ್ಲನ್ನು ನೋಡಿ ನಕ್ಕ. ದಿನದಲ್ಲಿ ಮೂರು ಸರದಿ ಮುಗಿದವು. ಪೆಡಲು ಬೆಳಿಗ್ಗೆ ಇದ್ದಲ್ಲಿಯೇ ಸಂಜೆಯೂ ಇತ್ತು. ಸಮಯ ಹಿಂದಿನ ಸಲಕ್ಕಿಂತ ಹೆಚ್ಚೇನೂ ಸುಧಾರಿಸಲಿಲ್ಲ, ಸುಧಾರಿಸಬೇಕಾದದ್ದು ಚಾಲಕನೆಂದು ಅಲ್ಲಿಯ ಹಿರಿಯರೊಬ್ಬರು ಮೆಲ್ಲಗೆ ಹೇಳಿದರು.

ಸಂಜೆ ಗುಡಿಯ ಬೀದಿಯಲ್ಲಿ ತಾಯಿ ಪುಳಿಯೋಗರೆಯ ಪೊಟ್ಟಣ ಹಿಡಿದು ಕಾರು ಹತ್ತಿದವರೇ ಮೂಗು ಮುಚ್ಚಿಕೊಂಡರು. "ಏನೋ ಇದು, ಏನೋ ಸುಟ್ಟ ವಾಸನೆ?"

"ಬ್ರೇಕಿಂದಮ್ಮ. ಸ್ವಲ್ಪ ಬಿಸಿಯಾಗಿತ್ತು, ಈಗ ಆರಿದೆ."

"ಚಾರ್ಮಾಡಿ ಇಳಿಯೋವಾಗ ಬಸ್ಸಲ್ಲಿ ಇದೇ ವಾಸನೆ ಬರೋದು. ನಿಮ್ಮ ತಂದೆ ಹೇಳೋರು, ಡ್ರೈವರ್ ಗೇರಿನಲ್ಲಿ ಇಳಿಸದೆ ಬ್ರೇಕಿನಲ್ಲಿ ಇಳಿಸ್ತಿದಾನೆ ಅಂತ."

ವೆಲ್ಲೂರು ದಾಟುವವರೆಗೆ ಅವರು ಚಾರ್ಮಾಡಿಯ ಆ ಪ್ರಯಾಣವನ್ನೇ ಹೇಳುತ್ತಿದ್ದರು. ಎಷ್ಟನೆಯ ತಿರುವಿನಲ್ಲಿ ಬಸ್ಸು ನಿಲ್ಲಿಸಿದರು, ಕಂಡಕ್ಟರು ಎಲ್ಲಿ ಚಕ್ರಕ್ಕೆ ಕಲ್ಲು ಕೊಟ್ಟ, ತಣ್ಣಗಾಗುವವರೆಗೆ ಎಲ್ಲರೂ ಕೆಳಗಿಳಿದು ಕಣಿವೆ ನೋಡುತ್ತ ನಿಂತದ್ದು, ಎಲ್ಲ. ಮೊಮ್ಮಗಳು ನಿದ್ದೆ ಹೋಗಿದ್ದಳು.

ಆ ಮನೆಯ ಅಡಿಗೆಮನೆಯ ಗೋಡೆಗೆ ತೂಗಿದ ಕ್ಯಾಲೆಂಡರಿನಲ್ಲಿ ಗ್ಯಾಸು ಬಂದ ದಿನ, ಹಾಲಿನ ಲೆಕ್ಕ, ಏಕಾದಶಿ ಇವುಗಳ ನಡುವೆ ಈಗ ವರ್ಷಕ್ಕೊಮ್ಮೆ "ಬ್ರೇಕ್ ಆಯಿಲ್" ಎಂಬ ಬರಹವೂ ಕಾಣುತ್ತದೆ. ಅಕ್ಷರ ಗೃಹಿಣಿಯದು.